ಗ್ರಂಥಾಲಯವೋ ಪತ್ರಾಗಾರವೋ: ಸ್ಟೈಪೆಂಡ್ ಸಿಗುವ ಜಾಗ ಆರಿಸಿಕೊಳ್ಳುವ ಎಂ.ಲಿಬ್., ಎಂ.ಎ. ವಿದ್ಯಾರ್ಥಿಗಳಿಗೆ

ಕೊನೆಯ ಸೆಮಿಸ್ಟರ್ ಹತ್ತಿರ ಬಂದಂತೆ ಎಂ.ಲಿಬ್. (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಪಿಡಿಎಫ್‌ಗಳ ಸುರಿಮಳೆ. ‘ಲೈಬ್ರರಿ ಟ್ರೈನಿ’, ‘ಗ್ರಾಜುಯೇಟ್ ಅಪ್ರೆಂಟಿಸ್’, ‘ಆರ್ಕೈವ್ಸ್ ಇಂಟರ್ನ್’, ‘ಪ್ರಾಜೆಕ್ಟ್ ಅಸಿಸ್ಟೆಂಟ್’ ಎಂದು ಹೆಸರು ನಾಲ್ಕು, ಅರ್ಜಿ ನಮೂನೆ ಹೆಚ್ಚುಕಡಿಮೆ ಒಂದೇ. ಎಲ್ಲರ ಕಣ್ಣು ಮೊದಲು ಹೋಗುವುದು ತಿಂಗಳಿಗೆ ಎಷ್ಟು ಎಂಬ ಸಾಲಿಗೆ. ಮನೆಯಲ್ಲಿ ಕೇಳುವುದೂ ಅದನ್ನೇ. ಆದರೆ ಈ ಕೆಲಸಗಳ ನಡುವೆ ಮೊತ್ತದ ವ್ಯತ್ಯಾಸ ಕೆಲವು ಸಾವಿರಗಳದ್ದು. ಒಂದು ವರ್ಷ ಕಳೆದ ಮೇಲೆ ನಿಮಗೆ ಏನು ಮಾಡಲು ಬರುತ್ತದೆ ಎಂಬುದರ ವ್ಯತ್ಯಾಸ ಅದಕ್ಕಿಂತ ಎಷ್ಟೋ ದೊಡ್ಡದು. ಜೊತೆಗೆ, ಒಂದನ್ನು ಒಪ್ಪಿಕೊಂಡರೆ ಇನ್ನೊಂದರ ಬಾಗಿಲು ಮುಚ್ಚುವ ನಿಯಮಗಳೂ ಇವೆ. ಅವು ಜಾಹೀರಾತಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ.

ನಾನು ಎರಡು ಬಗೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಓದಿದವರು ಒಂದು ಕಡೆ. ಕನ್ನಡ, ಇತಿಹಾಸ, ಸಂಸ್ಕೃತದಲ್ಲಿ ಎಂ.ಎ. ಮಾಡಿ ‘ಮೇಷ್ಟ್ರಾಗುವುದು ಬಿಟ್ಟು ಬೇರೆ ದಾರಿ ಇದೆಯಾ’ ಎಂದು ಹುಡುಕುತ್ತಿರುವವರು ಇನ್ನೊಂದು ಕಡೆ. ಎರಡನೆಯವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಕಾಲೇಜು ಅಥವಾ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಲು ಯುಜಿಸಿ ನಿಯಮದಂತೆ ಗ್ರಂಥಾಲಯ ವಿಜ್ಞಾನದಲ್ಲೇ ಸ್ನಾತಕೋತ್ತರ ಪದವಿ, 55% ಅಂಕ, ಮೇಲೆ ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆಯ ತೇರ್ಗಡೆ ಬೇಕು. ಇತಿಹಾಸದ ಎಂ.ಎ. ಹಿಡಿದುಕೊಂಡು ಗ್ರಂಥಾಲಯದಲ್ಲಿ ಎಷ್ಟು ವರ್ಷ ದುಡಿದರೂ ಆ ಹುದ್ದೆ ಸಿಗುವುದಿಲ್ಲ. ಹಳೆಯ ದಾಖಲೆ ಕಾಯ್ದಿಡುವ ಪತ್ರಾಗಾರಗಳಲ್ಲಿ (ಆರ್ಕೈವ್ಸ್) ಮಾತ್ರ ನಿಮ್ಮ ಎಂ.ಎ.ಗೆ ನೇರ ಬೆಲೆ ಇದೆ.

ಅಪ್ರೆಂಟಿಸ್ ಆಗುವುದಿದ್ದರೆ ಮೊದಲೇ ಆಗಿ

1961ರ ಅಪ್ರೆಂಟಿಸ್ ಕಾಯ್ದೆ ಬಹಳ ಕಾಲ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಹುಡುಗರದ್ದು ಎಂಬಂತೆಯೇ ಇತ್ತು. 2014ರ ತಿದ್ದುಪಡಿಯ ನಂತರ ಬಿ.ಎ., ಬಿ.ಕಾಂ.ನಂಥ ತಾಂತ್ರಿಕವಲ್ಲದ ಪದವೀಧರರೂ ಅದರೊಳಗೆ ಬಂದರು. ಗ್ರಂಥಾಲಯ ವಿಜ್ಞಾನದವರನ್ನು ಕರೆಯುವ ಜಾಹೀರಾತುಗಳು ಹೆಚ್ಚಾಗಿ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ, ಅಂದರೆ ನ್ಯಾಟ್ಸ್ ಅಡಿಯಲ್ಲಿ ಬರುತ್ತವೆ. ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಮಂಡಳಿ ಚೆನ್ನೈಯಲ್ಲಿದೆ. ಪದವೀಧರ ಅಪ್ರೆಂಟಿಸ್‌ಗೆ ಕೊಡಬೇಕಾದ ಕನಿಷ್ಠ ಮೊತ್ತ 2019ರ ನಿಯಮದಲ್ಲಿ ತಿಂಗಳಿಗೆ 9,000 ರೂಪಾಯಿ ಆಯಿತು. ಅದನ್ನು ಏರಿಸಬೇಕೆಂಬ ಶಿಫಾರಸು 2025ರಲ್ಲಿ ಬಂದಿದೆ, ಹಾಗಾಗಿ ನಿಮ್ಮ ಕೈಯಲ್ಲಿರುವ ಜಾಹೀರಾತಿನ ಅಂಕಿಯನ್ನೇ ಹಿಡಿಯಿರಿ. ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಕೊಡುತ್ತದೆ, ಉಳಿದದ್ದು ಸಂಸ್ಥೆಯದು. ಸರ್ಕಾರದ ಪಾಲು ನೇರವಾಗಿ ನಿಮ್ಮ ಖಾತೆಗೆ ಬರುವ ವ್ಯವಸ್ಥೆ ಬಂದ ಮೇಲೆ ಎರಡು ಕಂತು ಎರಡು ಬೇರೆ ದಿನ ಬೀಳುವುದು ಮಾಮೂಲು. ಆಧಾರ್ ಜೋಡಣೆಯಾಗದ ಖಾತೆ ಕೊಟ್ಟವರು ಅರ್ಧ ದುಡ್ಡಿಗಾಗಿ ತಿಂಗಳುಗಟ್ಟಲೆ ಕಾಯುತ್ತಾರೆ.

ಸಣ್ಣ ಅಕ್ಷರದ ನಿಯಮ ಬರುವುದು ಇಲ್ಲೇ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ತರಬೇತಿಯನ್ನೋ ಕೆಲಸದ ಅನುಭವವನ್ನೋ ಪಡೆದವರು ಪದವೀಧರ ಅಪ್ರೆಂಟಿಸ್‌ಗೆ ಅರ್ಹರಲ್ಲ. ಅಂದರೆ ಎಲ್ಲೋ ಒಂದು ವರ್ಷ ಟ್ರೈನಿಯಾಗಿದ್ದು, ಆಮೇಲೆ ‘ಸರ್ಕಾರಿ ಸಂಸ್ಥೆಯಲ್ಲಿ ಅಪ್ರೆಂಟಿಸ್ ಮಾಡೋಣ’ ಎಂದು ಹೊರಟರೆ ಅರ್ಜಿ ಪರಿಶೀಲನೆಯಲ್ಲೇ ಹೊರಗೆ. ಮೊದಲು ಅಪ್ರೆಂಟಿಸ್, ಆಮೇಲೆ ಟ್ರೈನಿ ಎಂಬ ಕ್ರಮಕ್ಕೆ ಈ ತೊಡಕಿಲ್ಲ.

ಇನ್ನೂ ಒಂದು ವಿಷಯ ತಿಳಿದಿರಲಿ. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಪಿಎಫ್ ಇಲ್ಲ, ಮುಗಿದ ಮೇಲೆ ಅದೇ ಸಂಸ್ಥೆ ಕೆಲಸ ಕೊಡಬೇಕೆಂಬ ಕಡ್ಡಾಯವೂ ಇಲ್ಲ. ಸಿಗುವುದು ಭಾರತ ಸರ್ಕಾರದ ಪ್ರಾವೀಣ್ಯ ಪ್ರಮಾಣಪತ್ರ. ಅದನ್ನು ಉದ್ಯೋಗ ವಿನಿಮಯ ಕೇಂದ್ರದಲ್ಲಿ ಅನುಭವವೆಂದು ದಾಖಲಿಸಬಹುದು. ಮುಂದೆ ‘ಎರಡು ವರ್ಷದ ಅನುಭವ ಬೇಕು’ ಎನ್ನುವವರು ಅದನ್ನು ಒಪ್ಪುತ್ತಾರೋ ಇಲ್ಲವೋ ಎಂಬುದು ಆಯಾ ನೇಮಕಾತಿಯ ನಿಯಮಕ್ಕೆ ಬಿಟ್ಟದ್ದು.

ನನ್ನ ಅಭಿಪ್ರಾಯ ಕೇಳಿದರೆ, ಊರಲ್ಲೇ ಇದ್ದು ಮನೆಯಿಂದ ಓಡಾಡಬಹುದಾದ ವಿಶ್ವವಿದ್ಯಾಲಯದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಅಪ್ರೆಂಟಿಸ್ ಸಿಕ್ಕರೆ ಒಪ್ಪಿಕೊಳ್ಳಿ. ಅದಕ್ಕಾಗಿಯೇ ಗುಲ್ಬರ್ಗದಿಂದ ಬೆಂಗಳೂರಿಗೆ ಬರುವುದು ಲೆಕ್ಕಕ್ಕೆ ಕೂರುವುದಿಲ್ಲ.

ದೊಡ್ಡ ಸಂಸ್ಥೆಯ ಟ್ರೈನಿ

ಐಐಎಸ್‌ಸಿ, ಐಐಎಂ, ಐಐಟಿಗಳಂಥ ಸಂಸ್ಥೆಗಳ ಗ್ರಂಥಾಲಯಗಳು ಆಗಾಗ ಟ್ರೈನಿಗಳನ್ನು ತೆಗೆದುಕೊಳ್ಳುತ್ತವೆ. ಹಣ ಸಂಸ್ಥೆಯದೇ ಆದ್ದರಿಂದ ಮೊತ್ತ ಸಾಮಾನ್ಯವಾಗಿ ಅಪ್ರೆಂಟಿಸ್‌ಗಿಂತ ಮೇಲಿರುತ್ತದೆ. ಲಿಖಿತ ಪರೀಕ್ಷೆ ಅಥವಾ ಸಂದರ್ಶನ ಇರುತ್ತದೆ, ಪ್ರಶ್ನೆಗಳು ಕ್ಯಾಟಲಾಗ್ ದಾಖಲೆಯ ಮಾದರಿ ಮಾರ್ಕ್ 21, ಡ್ಯೂಯಿ ವರ್ಗೀಕರಣ, ಗ್ರಂಥಾಲಯ ನಡೆಸುವ ತಂತ್ರಾಂಶ ಕೊಹಾ, ಡಿಜಿಟಲ್ ಸಂಗ್ರಹದ ತಂತ್ರಾಂಶ ಡಿಸ್ಪೇಸ್‌ಗಳ ಸುತ್ತಲೇ.

ಗ್ರಂಥಾಲಯ ವಿಜ್ಞಾನದವರಿಗೆ ಇದೇ ನನ್ನ ಮೊದಲ ಆಯ್ಕೆ, ಆದರೆ ಒಂದು ಷರತ್ತಿನ ಮೇಲೆ: ಅವರು ನಿಮ್ಮನ್ನು ವಿಭಾಗದಿಂದ ವಿಭಾಗಕ್ಕೆ ತಿರುಗಿಸಬೇಕು. ಮೂರು ತಿಂಗಳು ಕೌಂಟರ್, ಮೂರು ತಿಂಗಳು ಕ್ಯಾಟಲಾಗಿಂಗ್, ಆಮೇಲೆ ಇ-ಸಂಪನ್ಮೂಲ, ಥೀಸಿಸ್ ಅಪ್‌ಲೋಡ್, ಕೃತಿಚೌರ್ಯ ತಪಾಸಣೆ ಎಂದು ಹೋದರೆ ವರ್ಷಾಂತ್ಯಕ್ಕೆ ಒಂದು ಕಾಲೇಜಿನ ಗ್ರಂಥಾಲಯವನ್ನು ಒಬ್ಬರೇ ನಡೆಸುವಷ್ಟು ಧೈರ್ಯ ಬರುತ್ತದೆ. ವರ್ಷವಿಡೀ ಕೌಂಟರ್‌ನಲ್ಲಿ ಬಾರ್‌ಕೋಡ್ ಗುಂಡಿ ಒತ್ತಿಸಿ ಕಳಿಸುವ ಜಾಗಗಳೂ ಇವೆ. ಹೊರಗಿನಿಂದ ನೋಡಿದರೆ ಎರಡರ ಪ್ರಮಾಣಪತ್ರವೂ ಒಂದೇ ತರಹ. ಸಂದರ್ಶನದ ಕೊನೆಗೆ ‘ನೀವೇನಾದರೂ ಕೇಳುವುದಿದೆಯೇ’ ಎಂದಾಗ ಎಲ್ಲರೂ ‘ಇಲ್ಲ ಸರ್’ ಎಂದು ಎದ್ದುಬಿಡುತ್ತಾರೆ. ವಿಭಾಗ ಬದಲಾವಣೆಯ ಬಗ್ಗೆ ಕೇಳಬೇಕಾದದ್ದು ಆಗಲೇ. ಈಗಾಗಲೇ ಅಲ್ಲಿರುವ ಟ್ರೈನಿಯೊಬ್ಬರಿಗೆ ಫೋನ್ ಮಾಡಿದರೆ ಇನ್ನೂ ಸಾಚಾ ಉತ್ತರ ಸಿಗುತ್ತದೆ.

ಕನ್ನಡ ಬಲ್ಲವರಿಗೆ ಈ ಗ್ರಂಥಾಲಯಗಳಲ್ಲಿ ಒಂದು ವಿಶೇಷ ಜಾಗವಿದೆ, ಅದನ್ನು ಯಾರೂ ಜಾಹೀರಾತಿನಲ್ಲಿ ಬರೆಯುವುದಿಲ್ಲ. ಎಷ್ಟೋ ಕಡೆ ಕನ್ನಡ ಪುಸ್ತಕಗಳ ಹಳೆಯ ಕ್ಯಾಟಲಾಗನ್ನು ನುಡಿ, ಶ್ರೀಲಿಪಿಗಳ ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಕೊಹಾಗೆ ಹಾಕಿದೊಡನೆ ಶೀರ್ಷಿಕೆಯೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಬರುತ್ತದೆ. ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ, ಒತ್ತಕ್ಷರ ಮತ್ತು ಅರ್ಕಾವತ್ತುಗಳಲ್ಲಿ ಮಾತ್ರ ಎಡವುತ್ತದೆ. ಆಮೇಲೆ ಲೇಖಕರ ಹೆಸರಿನ ಗೋಳು: ಕಾವ್ಯನಾಮ ಒಂದು ಪುಸ್ತಕದಲ್ಲಿ, ಇನಿಷಿಯಲ್ ಸಮೇತ ಹೆಸರು ಇನ್ನೊಂದರಲ್ಲಿ, ಊರಿನ ಹೆಸರು ಸೇರಿಸಿ ಮತ್ತೊಂದರಲ್ಲಿ. ಒಬ್ಬರೇ ಮೂವರಾಗಿ ಕುಳಿತಿರುತ್ತಾರೆ. ಇದನ್ನು ಒಂದೇ ಅಧಿಕೃತ ರೂಪಕ್ಕೆ ತಂದು, ಮೂಲ ಲಿಪಿಗೆಂದೇ ಇರುವ ಮಾರ್ಕ್‌ನ 880ನೇ ಫೀಲ್ಡ್ ಸರಿಯಾಗಿ ತುಂಬಿ ಸಾವಿರ ದಾಖಲೆ ಮುಗಿಸಿದ ಟ್ರೈನಿ ಮುಂದಿನ ಸಂದರ್ಶನದಲ್ಲಿ ಹತ್ತು ನಿಮಿಷ ನಿರರ್ಗಳವಾಗಿ ಮಾತಾಡಬಲ್ಲ. ಅಂಥ ಕೆಲಸ ಕೇಳಿ ಪಡೆಯಿರಿ.

ಪತ್ರಾಗಾರದ ಇಂಟರ್ನ್‌ಶಿಪ್

ಇಲ್ಲಿ ಅವಧಿ ಚಿಕ್ಕದು, ಎರಡರಿಂದ ಆರು ತಿಂಗಳು. ಜಾಗಗಳೂ ಕಡಿಮೆ. ಬೆಂಗಳೂರಿನಲ್ಲಿ ಮೊದಲು ನೆನಪಾಗುವುದು ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನ ಆರ್ಕೈವ್ಸ್. 2019ರಲ್ಲಿ ತೆರೆದ ಇದು ಸಮಕಾಲೀನ ವಿಜ್ಞಾನದ ಇತಿಹಾಸಕ್ಕೆ ಮೀಸಲು, ಹೊರಗಿನವರಿಗೂ ಮುಕ್ತ. ಉದ್ಯಮಗಳ ಕಡೆಗೆ ಹೋದರೆ ಪುಣೆಯ ಟಾಟಾ ಸೆಂಟ್ರಲ್ ಆರ್ಕೈವ್ಸ್, ಮುಂಬೈಯ ಗೋದ್ರೆಜ್ ಆರ್ಕೈವ್ಸ್ ಇವೆ. ಸರ್ಕಾರಿ ದಾಖಲೆಗಳಿಗೆ ವಿಧಾನಸೌಧದಲ್ಲಿ ಕೇಂದ್ರ ಕಚೇರಿ ಹೊಂದಿರುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ, ದೆಹಲಿಯಲ್ಲಿ ರಾಷ್ಟ್ರೀಯ ಅಭಿಲೇಖಾಲಯ. ದೆಹಲಿಯದು 1891ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಎಂದು ಶುರುವಾದದ್ದು. ಅದರ ಸ್ಕೂಲ್ ಆಫ್ ಆರ್ಕೈವಲ್ ಸ್ಟಡೀಸ್ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಪತ್ರಾಗಾರವೇ ಜೀವನವೆಂದು ನಿರ್ಧರಿಸಿದವರು ಇಂಟರ್ನ್‌ಶಿಪ್ ಜೊತೆಗೆ ಇದನ್ನೂ ತೂಗಿ ನೋಡಬೇಕು. ಎಲ್ಲ ಇಂಟರ್ನ್‌ಶಿಪ್‌ಗೂ ದುಡ್ಡು ಕೊಡುತ್ತಾರೆಂದು ಭಾವಿಸಬೇಡಿ. ‘ಗೌರವಧನ’ ಎಂದು ಬರೆದು ಮೊತ್ತ ಬರೆಯದ ಕಡೆ ಅರ್ಜಿಗೆ ಮುಂಚೆಯೇ ಮೇಲ್ ಹಾಕಿ ಕೇಳಿ.

ಕೆಲಸ ಹೇಗಿರುತ್ತದೆ? ನಿವೃತ್ತ ವಿಜ್ಞಾನಿಯೊಬ್ಬರ ಮನೆಯಿಂದ ಹದಿನೈದು ರಟ್ಟಿನ ಪೆಟ್ಟಿಗೆ ಬಂದಿವೆ ಎನ್ನಿ. ಗ್ರಂಥಾಲಯದವರ ಕೈ ತುರಿಸುವುದು ಅದನ್ನು ವಿಷಯವಾರು ಜೋಡಿಸಲು. ಪತ್ರಾಗಾರದ ಮೊದಲ ಪಾಠವೇ ಹಾಗೆ ಮಾಡಬಾರದು ಎಂಬುದು. ಅವರು ಯಾವ ಫೈಲಿನಲ್ಲಿ ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದರೋ ಆ ಕ್ರಮವೇ ಒಂದು ಸಾಕ್ಷ್ಯ. ಸಂಶೋಧನಾ ಟಿಪ್ಪಣಿಯ ನಡುವೆ ಹಾಲಿನ ಲೆಕ್ಕದ ಚೀಟಿ ಸಿಕ್ಕರೂ ಅದು ಅಲ್ಲೇ ಇರಬೇಕು. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆದರೆ ಕಾಗದ ಹರಿಯುತ್ತದೆ, ಆದ್ದರಿಂದ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕೆಳಗೆ ತೂರಿಸಿ, ತುದಿಯನ್ನು ಎತ್ತಿ, ನಿಧಾನವಾಗಿ ಬಿಡಿಸಬೇಕು. ಆಮ್ಲರಹಿತ ಫೋಲ್ಡರ್, ಪೆನ್ಸಿಲ್‌ನಲ್ಲಿ ಸಂಖ್ಯೆ. ಪೆನ್ನು ಕೋಣೆಯೊಳಗೇ ಬರುವಂತಿಲ್ಲ. ಇಷ್ಟಾದ ಮೇಲೆ ಪ್ರತಿ ಫೋಲ್ಡರಿಗೂ ನಾಲ್ಕೈದು ಸಾಲಿನ ವಿವರಣೆ: ಯಾರಿಂದ, ಯಾವಾಗಿನಿಂದ ಯಾವಾಗಿನವರೆಗೆ, ಎಷ್ಟು ಹಾಳೆ, ಯಾವ ಭಾಷೆ, ಯಾರು ನೋಡಬಹುದು. ಇದಕ್ಕೆ ಐಸ್ಯಾಡ್-ಜಿ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ.

ಆ ನಾಲ್ಕೈದು ಸಾಲು ಬರೆಯಲು ಇತಿಹಾಸ ಗೊತ್ತಿರಬೇಕು, ಪತ್ರ ಓದಿ ಸಂದರ್ಭ ಹಿಡಿಯಬೇಕು. ಎಂ.ಎ.ಯವರು ಎಂ.ಲಿಬ್.ನವರಿಗಿಂತ ಮುಂದೆ ಹೋಗುವುದು ಈ ಹಂತದಲ್ಲಿ. ನೀವು ಬರೆದ ವಿವರಣೆ ಆನ್‌ಲೈನ್ ಕ್ಯಾಟಲಾಗಿನಲ್ಲಿ ಬಂದರೆ ಅದರ ಕೊಂಡಿಯನ್ನೇ ಬಯೋಡೇಟಾದಲ್ಲಿ ಹಾಕಬಹುದು. ಹನ್ನೆರಡು ತಿಂಗಳ ಕೌಂಟರ್ ಕೆಲಸಕ್ಕಿಂತ ಮೂರು ತಿಂಗಳ ಈ ಕೆಲಸ ಪಿಎಚ್‌.ಡಿ. ಅರ್ಜಿಗೆ ಹೆಚ್ಚು ತೂಕ ಕೊಡುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮುಂದೆ ಕಾಯಂ ಕೆಲಸ? ದೇಶದಲ್ಲಿ ಆರ್ಕೈವಿಸ್ಟ್ ಹುದ್ದೆಗಳೇ ವಿರಳ. ಮನೆಯ ಜವಾಬ್ದಾರಿ ತಲೆ ಮೇಲಿದ್ದರೆ ಇದನ್ನು ಒಂದು ಬೇಸಿಗೆಯ ಮಟ್ಟಿಗೆ ಇಟ್ಟುಕೊಂಡು, ವರ್ಷದ ಲೆಕ್ಕಕ್ಕೆ ಬೇರೆಯದನ್ನು ನೋಡಿ.

ಹಸ್ತಪ್ರತಿ ಯೋಜನೆಗಳು

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ (ಇದೂ 1891ರದೇ), ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಧರ್ಮಸ್ಥಳ, ಕೆಳದಿ, ಜೈನ ಮತ್ತು ವೀರಶೈವ ಮಠಗಳು… ತಾಳೆಗರಿ ಇರುವ ಕಡೆ ನಮ್ಮಲ್ಲಿ ಕಡಿಮೆಯೇನಿಲ್ಲ. ರಾಷ್ಟ್ರೀಯ ಹಸ್ತಪ್ರತಿ ಮಿಷನ್ 2003ರಲ್ಲಿ ಶುರುವಾದ ಮೇಲೆ ಸಮೀಕ್ಷೆ, ಸಂರಕ್ಷಣೆಗೆ ಹುಡುಗರನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳುವುದು ರೂಢಿಗೆ ಬಂತು. 2025-26ರ ಕೇಂದ್ರ ಬಜೆಟ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಗುರಿಯಾಗಿಟ್ಟುಕೊಂಡು ಜ್ಞಾನ ಭಾರತಂ ಮಿಷನ್ ಘೋಷಣೆಯಾಗಿದೆ. ಈ ದಿಕ್ಕಿನಲ್ಲಿ ಕೈಗಳಿಗೆ ಬೇಡಿಕೆ ಬರುತ್ತದೆ ಎಂದೇ ನನ್ನ ಎಣಿಕೆ.

ಕಟ್ಟು ಬಿಚ್ಚಿ, ಗರಿ ಎಣಿಸಿ, ಎಡ ಅಂಚಿನ ಅಂಕಿ ಓದಿ, ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆದು, ಒಣಗಿ ಗಡುಸಾದ ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ, ಅಕ್ಷರ ಮಾಸಿದ್ದರೆ ಕಾಡಿಗೆ ಮಸಿ ತೀಡಿ ಒರೆಸಿದಾಗ ಕಂಠದಲ್ಲಿ (ಗರಿ ಮೇಲೆ ಬರೆಯುವ ಲೋಹದ ಲೇಖನಿ) ಕೊರೆದ ಸಾಲು ಕಪ್ಪಾಗಿ ಮೇಲೆ ಬರುತ್ತದೆ. ಒಮ್ಮೆ ನೋಡಿದವರಿಗೆ ಹುಚ್ಚು ಹಿಡಿಯುವುದು ಖಂಡಿತ. ಸ್ಟೈಪೆಂಡ್ ಮಾತ್ರ ಅನಿಶ್ಚಿತ: ಯೋಜನೆಯ ಅನುದಾನ ಬಿಡುಗಡೆಯಾದಾಗ ಒಟ್ಟಿಗೆ ಬರುತ್ತದೆ, ಆಗದಿದ್ದಾಗ ಇಲ್ಲ. ನಾನು ಹತ್ತಿರದಿಂದ ಕಂಡ ಒಂದು ಸಂಸ್ಥೆಯಲ್ಲಿ ಮಾರ್ಚ್ ಕೊನೆಯ ವಾರದವರೆಗೂ ಹುಡುಗರಿಗೆ ಬಿಡಿಗಾಸು ಬರಲಿಲ್ಲ, ಆಮೇಲೆ ಒಂದೇ ದಿನ ಎಲ್ಲಾ ಬಂತು. ಅಷ್ಟು ದಿನ ತಡೆದುಕೊಳ್ಳುವ ಶಕ್ತಿ ಇದ್ದವರಷ್ಟೇ ಉಳಿದಿದ್ದರು.

ಇಲ್ಲಿ ಸಂಬಳದ ಚೌಕಾಸಿಗೆ ಬಲ ಕೊಡುವುದು ಲಿಪಿ. ಕನ್ನಡ ಲಿಪಿಯ ಜೊತೆ ತಿಗಳಾರಿ, ನಂದಿನಾಗರಿ ಓದಬಲ್ಲವರು, ಉತ್ತರ ಕರ್ನಾಟಕದ ಮರಾಠಿ ಆಡಳಿತದ ಕಾಗದಪತ್ರಗಳಿಗೆ ಬೇಕಾದ ಮೋಡಿ ಲಿಪಿ ಬಲ್ಲವರು ಬೆರಳೆಣಿಕೆ. ಇದರಲ್ಲಿ ಒಂದನ್ನು ಎಂ.ಎ. ಎರಡನೇ ವರ್ಷದಲ್ಲೇ ಕಲಿತುಬಿಡಿ.

ಸ್ಕ್ಯಾನಿಂಗ್ ಏಜೆನ್ಸಿಗಳ ಬಗ್ಗೆ ಎರಡು ಮಾತು

ಡಿಜಿಟಲೀಕರಣದ ಟೆಂಡರ್ ಹಿಡಿದ ಕಂಪನಿಗಳು ಪುಟಕ್ಕೆ ಇಷ್ಟು ಅಥವಾ ದಿನಕ್ಕೆ ಇಷ್ಟು ಎಂದು ಕೊಡುತ್ತವೆ. ದುಡ್ಡು ಬೇಗ ಕೈಗೆ ಬರುತ್ತದೆ. ಒಂದು ತಿಂಗಳಲ್ಲಿ ಕಲಿಯುವುದೆಲ್ಲ ಮುಗಿದು ಉಳಿದದ್ದು ಹಾಳೆ ತಿರುವುವುದು ಮಾತ್ರ. ಮೆಟಾಡೇಟಾ (ದಾಖಲೆಯ ವಿವರ) ಬರೆಯುವ ಅಥವಾ ಸ್ಕ್ಯಾನ್ ಚಿತ್ರದಿಂದ ಯಂತ್ರ ಓದಿ ತೆಗೆದ ಪಠ್ಯ (ಓಸಿಆರ್) ತಿದ್ದುವ ಕೆಲಸ ಕೊಟ್ಟರೆ ಇರಿ. ಇಲ್ಲದಿದ್ದರೆ ರಜೆಯಲ್ಲಿ ಫೀಸಿನ ಹಣಕ್ಕಾಗಿ ಮಾಡುವ ಕೆಲಸ ಎಂದಷ್ಟೇ ಪರಿಗಣಿಸಿ.

ಇನ್ನೂ ಓದುತ್ತಿರುವವರು

ಕೋರ್ಸ್ ನಡೆಯುತ್ತಿರುವಾಗ ಪೂರ್ಣಾವಧಿ ಅಪ್ರೆಂಟಿಸ್ ಅಸಾಧ್ಯ, ಹಾಜರಾತಿಯೇ ಬಿಡುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಂಜೆ ಪಾಳಿ ಸಿಗುತ್ತದೆಯೇ ನೋಡಿ. ಪಠ್ಯಕ್ರಮದ ಭಾಗವಾಗಿ ಬರುವ ತಿಂಗಳ ಇಂಟರ್ನ್‌ಶಿಪ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಅದನ್ನು ಸ್ಟೈಪೆಂಡ್ ಕೊಡುವ ಜಾಗದಲ್ಲೇ ಮಾಡಲು ವಿಭಾಗದ ಮುಖ್ಯಸ್ಥರು ಒಪ್ಪಿದರೆ ಒಂದೇ ಏಟಿಗೆ ಎರಡೂ ಆಗುತ್ತದೆ.

ಇನ್ನೂ ಪ್ರವೇಶ ಪಡೆಯದವರಿಗೆ ಬೇರೊಂದು ದಾರಿ ಇದೆ, ಅದು ಗೊತ್ತಿರುವವರು ಕಡಿಮೆ. ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿರುವ ಡಿಆರ್‌ಟಿಸಿ, 1962ರಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಕಟ್ಟಿದ್ದು, ಗ್ರಂಥಾಲಯ ವಿಜ್ಞಾನದಲ್ಲಿ ಎರಡು ವರ್ಷದ ಎಂ.ಎಸ್. ನಡೆಸುತ್ತದೆ. ಓದುವಾಗಲೇ ಸಂಸ್ಥೆ ಸ್ಟೈಪೆಂಡ್ ಕೊಡುತ್ತದೆ. ಪ್ರವೇಶ ಪರೀಕ್ಷೆ ಸುಲಭವಲ್ಲ, ಸೀಟು ಕಡಿಮೆ. ಆದರೂ ಬೇರೆ ಎಲ್ಲ ಆಯ್ಕೆಗಳ ಮುಂದೆ ಇಟ್ಟು ನೋಡಿದರೆ ಇದೇ ಮೇಲು.

ಕೈಯಲ್ಲಿ ಉಳಿಯುವುದೆಷ್ಟು

ಬೆಂಗಳೂರಿನಲ್ಲಿ ಊಟ ಸಮೇತ ಹಂಚಿಕೊಂಡ ಪೇಯಿಂಗ್ ಗೆಸ್ಟ್ ಕೋಣೆಗೇ ಏಳೆಂಟು ಸಾವಿರ ಹೋಗುತ್ತದೆ. 9,000ದಲ್ಲಿ ಏನು ಉಳಿಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಧಾರವಾಡದಲ್ಲೋ ಮೈಸೂರಿನಲ್ಲೋ ಮನೆಯಿಂದ ಹೋಗಿಬರುವವರಿಗೆ ಅದೇ 9,000 ಬೆಂಗಳೂರಿನ 17,000ಕ್ಕೆ ಸಮ. ಹೆಣ್ಣುಮಕ್ಕಳು ಶಕ್ತಿ ಯೋಜನೆಯನ್ನು ಲೆಕ್ಕಕ್ಕೆ ಸೇರಿಸಲೇಬೇಕು: 2023ರ ಜೂನ್‌ನಿಂದ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ತುಮಕೂರು, ರಾಮನಗರದಿಂದ ದಿನಾ ಬೆಂಗಳೂರಿಗೆ ಬರುವವರಿಗೆ ಹೋಗುವುದು ಸಮಯವಷ್ಟೇ.

ಯುವನಿಧಿಯ 3,000 ಪಡೆಯುತ್ತಿರುವವರು ಗಮನಿಸಿ. ಅಪ್ರೆಂಟಿಸ್ ವೇತನ ಬರುವವರಿಗೆ, ಉನ್ನತ ವ್ಯಾಸಂಗ ಮುಂದುವರಿಸಿದವರಿಗೆ ಅದು ಸಲ್ಲುವುದಿಲ್ಲ. ಎರಡನ್ನೂ ಪಡೆದರೆ ಆಮೇಲೆ ವಸೂಲಿಯ ತಲೆನೋವು. ಹಾಗಾಗಿ 9,000ದ ಅಪ್ರೆಂಟಿಸ್ ಸೇರಿದಾಗ ನಿಮ್ಮ ನಿಜವಾದ ಹೆಚ್ಚಳ ಆರು ಸಾವಿರ ಮಾತ್ರ.

ನೆಟ್‌ಗೆ ಓದುತ್ತಿರುವವರ ಲೆಕ್ಕವೇ ಬೇರೆ. ಅದರಲ್ಲಿ ಹೆಚ್ಚು ಅಂಕ ಪಡೆದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಸಿಕ್ಕಿ ಪಿಎಚ್‌.ಡಿ.ಗೆ ಸೇರಿದರೆ ತಿಂಗಳಿಗೆ 37,000, ಸಹಾಯಕ ಗ್ರಂಥಪಾಲಕರ ಹುದ್ದೆಯ ಆರಂಭಿಕ ಮೂಲವೇತನ 57,700. ಇದರ ಮುಂದೆ ಟ್ರೈನಿಗೆ ಎರಡು ಸಾವಿರ ಹೆಚ್ಚು ಕೊಡುವ ಜಾಗ ಯಾವ ಲೆಕ್ಕ? ಸಂಜೆ ಐದೂವರೆಗೆ ಬಿಟ್ಟು, ರಾತ್ರಿ ಒಂಬತ್ತರವರೆಗೆ ಅದೇ ಗ್ರಂಥಾಲಯದಲ್ಲಿ ಕೂತು ಓದಲು ಬಿಡುವ ಕಡೆ ಹೋಗಿ.

ಹೊರದೇಶದಲ್ಲಿ ಓದುತ್ತಿರುವವರು

ಅಮೆರಿಕದಲ್ಲಿ ಎಫ್-1 ವೀಸಾದವರಿಗೆ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯ ಮಿತಿ, ಬ್ರಿಟನ್ನಿನಲ್ಲೂ ಪದವಿ ಮಟ್ಟದ ವಿದ್ಯಾರ್ಥಿ ವೀಸಾಕ್ಕೆ ಸಾಮಾನ್ಯವಾಗಿ ಅಷ್ಟೇ. ಅಮೆರಿಕದ ಗ್ರಂಥಾಲಯಗಳಲ್ಲಿ ಗಂಟೆ ಲೆಕ್ಕದ ಕೆಲಸಕ್ಕಿಂತ ಬೋಧನಾ ಶುಲ್ಕ ಮನ್ನಾ ಇರುವ ಅಸಿಸ್ಟೆಂಟ್‌ಶಿಪ್ ಎಷ್ಟೋ ಲಾಭ. ದಕ್ಷಿಣ ಏಷ್ಯಾ ಸಂಗ್ರಹವಿರುವ ಗ್ರಂಥಾಲಯವಾದರೆ ಕನ್ನಡ ಓದಲು ಬರುತ್ತದೆ ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಒಪ್ಪಿಗೆ ಪತ್ರ ಬಂದ ಮೇಲೆ

ಪತ್ರದಲ್ಲಿ ನಾಲ್ಕು ಸಂಗತಿ ಇದೆಯೇ ನೋಡಿ: ಹುದ್ದೆಯ ಹೆಸರು, ಆರಂಭ ಮತ್ತು ಕೊನೆಯ ದಿನಾಂಕ, ಮೊತ್ತ, ಅದನ್ನು ಯಾರು ಯಾವ ತಾರೀಖಿನೊಳಗೆ ಕೊಡುತ್ತಾರೆ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ಕೊಡಬೇಡಿ, ನಕಲು ಸಾಕು. ನಡುವೆ ಬಿಟ್ಟರೆ ದಂಡ ಕಟ್ಟಬೇಕೆಂಬ ಬಾಂಡ್ ಇದ್ದರೆ ಆ ಮೊತ್ತವನ್ನು ಓದಿಯೇ ಸಹಿ ಹಾಕಿ. ನೆಟ್ ಪರೀಕ್ಷೆ, ಮೌಖಿಕ ಪರೀಕ್ಷೆಗಳಿಗೆ ರಜೆ ಇದೆಯೇ ಎಂಬುದನ್ನೂ ಮೇಲ್‌ನಲ್ಲೇ ಕೇಳಿಟ್ಟುಕೊಳ್ಳಿ.

ಸೇರಿದ ದಿನದಿಂದ ಒಂದು ನೋಟ್‌ಬುಕ್ ಇಡಿ: ಎಷ್ಟು ದಾಖಲೆ ಕ್ಯಾಟಲಾಗ್ ಮಾಡಿದಿರಿ, ಯಾವ ತಂತ್ರಾಂಶದಲ್ಲಿ, ಯಾವ ಪೆಟ್ಟಿಗೆಗೆ ಪಟ್ಟಿ ಬರೆದಿರಿ. ಬಿಡುವ ವಾರ ಪ್ರಮಾಣಪತ್ರದ ಕರಡನ್ನು ನೀವೇ ಟೈಪ್ ಮಾಡಿ ಕೊಟ್ಟರೆ ಹೆಚ್ಚಿನ ಅಧಿಕಾರಿಗಳು ಓದಿ ಸಹಿ ಹಾಕುತ್ತಾರೆ, ಅವರಿಗೂ ಕೆಲಸ ಕಡಿಮೆ. ‘ತೃಪ್ತಿಕರವಾಗಿ ಕರ್ತವ್ಯ ನಿರ್ವಹಿಸಿರುತ್ತಾರೆ’ ಎಂಬ ಒಂದು ಸಾಲಿನ ಬದಲು ನೋಟ್‌ಬುಕ್ಕಿನ ಅಂಕಿಗಳು ಅದರಲ್ಲಿರಲಿ.